ಬಟ್ಟೆಯ ಹಿಂಬದಿ

ಉಪ್ಪುನೀರಿನಲ್ಲಿ ನೆನೆದ ರೇಷ್ಮೆನೂಲಿಗೆ ಒಂದು ವಾಸನೆಯಿರುತ್ತಿತ್ತು. ಹೂವಿನದಲ್ಲ, ಬಟ್ಟೆಯದೂ ಅಲ್ಲ. ಯಾವುದೋ ಜೀವ ಒಂದಷ್ಟು ಹೊತ್ತು ಇದ್ದು ಎದ್ದುಹೋದ ಜಾಗದ ವಾಸನೆ. ಸೊರಬದ ಕಡೆಯ ಜಡೆ ಊರಿನ ತವರುಮನೆಯ ಹಿತ್ತಲಲ್ಲಿ ಅವ್ವ ಕೆಂಪು, ಹಸಿರು, ಅರಿಸಿನ ಬಣ್ಣದ ಲಡಿಗಳನ್ನು ಬೋಗುಣಿಯಲ್ಲಿ ಅದ್ದಿ, ಬಿಡುವ ಬಣ್ಣವನ್ನೆಲ್ಲ ಬಿಡಿಸಿ, ಹಿಂಡಿ, ನೆರಳಿಗೆ ಕಟ್ಟಿದ ಹಗ್ಗದ ಮೇಲೆ ಹರವುತ್ತಿದ್ದಳು. ಕಸೂತಿ ಹಾಕಿದ ಮೇಲೆ ನೂಲು ಬಣ್ಣ ಬಿಟ್ಟರೆ ಅವಳಿಗೆ ಮಾನ ಹೋದಂತೆ. ಮೂಗು ಮುಚ್ಚಿಕೊಂಡು ಓಡುವ ಮಗಳನ್ನು ಕರೆದು, "ಹುಳ ಕಟ್ಟಿದ ಮನೆ ಅದು. ಹುಳದ ವಾಸನೆ ಬರದೆ ಮಲ್ಲಿಗೆದು ಬರುತ್ತಾ?" ಅನ್ನುತ್ತಿದ್ದಳು. ಅವ್ವ ಹೋಗಿ ಎಷ್ಟೋ ವರ್ಷಗಳ ಮೇಲೆ, ಶಿಕಾರಿಪುರದ ಈ ಮನೆಯಲ್ಲಿ, ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ರಾಜೇಶ್ವರಮ್ಮನಿಗೆ ಅದೇ ವಾಸನೆ ಮೂಗಿಗೆ ಬಂತು. ವಿಭೂತಿಯನ್ನೂ ಊದುಬತ್ತಿಯನ್ನೂ ಅಡುಗೆಮನೆಯ ಒಗ್ಗರಣೆಯನ್ನೂ ಪಕ್ಕಕ್ಕೆ ಸರಿಸಿ ಬಂತು. ಪೂಜೆಯ ಹೊತ್ತಿನಲ್ಲಿ ಮನಸ್ಸು ಹೀಗೆ ಅಲೆಯುವುದು ತಪ್ಪು ಎಂದುಕೊಂಡಳು. ಆದರೆ ಅಲೆಯುವ ಮನಸ್ಸನ್ನು ಹಿಡಿದು ತರುವ ಮನಸ್ಸು ಆಗಲಿಲ್ಲ.

ಈ ಅಲೆದಾಟ ಶುರುವಾದದ್ದು ಫೋನಿಗೆ ಬಂದ ಒಂದು ಫೋಟೋದಿಂದ. ಕಳಿಸಿದವಳು ಬಿಂದುಶ್ರೀ, ಅಣ್ಣನ ಮಗಳು, ಆನವಟ್ಟಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಹಿಮಾಲಯದ ತಪ್ಪಲಿನಲ್ಲಿ ಚಂಬಾ ಎಂಬ ಊರಿದೆ, ನದಿಯ ಮೇಲಿನ ಬೆಟ್ಟದ ಊರು, ಹಳೆಯ ಕಾಲದಿಂದ ಚಿತ್ರ ಬರೆಯುವವರ ಊರು. ಅಲ್ಲಿ ಚಿತ್ರಗಾರರು ಬಿಳಿ ಬಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದುಕೊಟ್ಟರೆ ಹೆಂಗಸರು ರೇಷ್ಮೆಯಲ್ಲಿ ತುಂಬುತ್ತಾರೆ, ಅದನ್ನು ರುಮಾಲು ಅನ್ನುತ್ತಾರೆ ಎಂದು ಬರೆದಿದ್ದಳು. ಕೊನೆಗೆ ಒಂದು ಸಾಲು: "ಎರಡೂ ಬದಿ ಒಂದೇ ಥರ ಇರುತ್ತಂತೆ ಅತ್ತೆ, ಗಂಟೇ ಕಾಣಲ್ಲವಂತೆ." ರಾಜೇಶ್ವರಮ್ಮ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಮರಗಳ ನಡುವೆ ಕುಣಿಯುತ್ತಿದ್ದ ಹೆಣ್ಣುಗಳು, ಅವರ ಲಂಗದ ತುಂಬ ಗದ್ದೆಯಂತೆ ಹರಡಿಕೊಂಡ ಬಣ್ಣ. ಗೆರೆಯಲ್ಲಿ ಹೋಗುವ ಗವಂತಿ ಕಸೂತಿಯನ್ನು ಎರಡೂ ಬದಿ ಒಂದೇ ಆಗುವಂತೆ ಹಾಕುವುದು ಅವಳಿಗೆ ಗೊತ್ತು. ಹೋದ ದಾರಿಯಲ್ಲೇ ಸೂಜಿ ಹಿಂದಕ್ಕೆ ಬರಬೇಕು, ಅಷ್ಟೆ. ಆದರೆ ಲಂಗವನ್ನೇ ತುಂಬಿದ ಬಣ್ಣ ಹಿಂದೆಯೂ ಹಾಗೇ ತುಂಬಿರುವುದು ಹೇಗೆ? ದಾರ ಎಲ್ಲಿ ಮುಗಿಯುತ್ತದೆ? ಮುಗಿದದ್ದು ಎಲ್ಲಿ ಅಡಗುತ್ತದೆ? ಮರೆವಿನಲ್ಲಿ ಅವಳು ಫೋನನ್ನೇ ಮಗುಚಿ ನೋಡಿದಳು. ಸೊಸೆ ಸೌಂದರ್ಯ ಅದನ್ನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವತ್ತು ಸಂಜೆ ಬಿಂದುಶ್ರೀಗೆ ಫೋನು ಮಾಡಿ, "ನೀನು ರಜೆಯಲ್ಲಿ ಹೋಗೋದಾದ್ರೆ ನಾನೂ ಬರ್ತೀನಿ. ನಂಗೆ ಅದರ ಹಿಂಬದಿ ನೋಡಬೇಕು" ಅಂದಳು.

ಅಲ್ಲಿಂದ ದಿನಗಳಿಗೆ ಬೇರೆಯೇ ಬಣ್ಣ ಬಂದಿತ್ತು. ಚಂಬಾದಲ್ಲಿ ಇರುವುದು ಮೂರೇ ದಿನ, ಆದರೆ ತಯಾರಿ ಮುಗಿಯುವಂಥದ್ದಲ್ಲ. ಶಿವಮೊಗ್ಗಕ್ಕೆ ಬಸ್ಸು, ಅಲ್ಲಿಂದ ರೈಲು, ವಿಮಾನ, ಮತ್ತೆ ರೈಲು, ಮತ್ತೆ ಬೆಟ್ಟ ಸುತ್ತುವ ಬಸ್ಸು. ಹುಟ್ಟಿದಾರಭ್ಯ ಕಾಲುಚೀಲ ಹಾಕಿದವಳಲ್ಲ. ಅಲ್ಲಿ ಬರಿಗಾಲು ಮರಗಟ್ಟುತ್ತದೆಂದು ಬಿಂದುಶ್ರೀ ಹೆದರಿಸಿದ್ದರಿಂದ ಮಧ್ಯಾಹ್ನ ಎಲ್ಲರೂ ಮಲಗಿದಾಗ ಮಗನ ಕಾಲುಚೀಲ ಹಾಕಿಕೊಂಡು ನಡುಮನೆಯಲ್ಲಿ ಓಡಾಡಿ ಅಭ್ಯಾಸ ಮಾಡುತ್ತಿದ್ದಳು. ನುಣುಪು ನೆಲದ ಮೇಲೆ ಕಾಲು ಜಾರುತ್ತಿತ್ತು. ಒಂದು ದಿನ ನೋಡುತ್ತಾಳೆ, ಅಡುಗೆಮನೆಯಿಂದ ಬಾಗಿಲವರೆಗೂ ಯಾರೋ ಹಳೆಯ ಚಾಪೆಗಳನ್ನು ಸಾಲಾಗಿ ಹಾಸಿದ್ದಾರೆ. ಸೌಂದರ್ಯಳ ಸೆರಗಿಗೆ ಚಾಪೆಯ ಧೂಳು ಅಂಟಿತ್ತು. ಗಂಡ ನಾಗರಾಜಪ್ಪ ಬೇಡವೆಂದೂ ಅಂದಿರಲಿಲ್ಲ, ಹೂಂ ಎಂದೂ ಅಂದಿರಲಿಲ್ಲ. ಮೆಕ್ಕೆಜೋಳದ ಸುಗ್ಗಿ; ಅವರು ತಮ್ಮ ಕಾಳಿನ ಅಂಗಡಿಯಿಂದ ಬರುವಾಗ ಹುಬ್ಬಿನವರೆಗೂ ಹಳದಿ ಧೂಳು. "ಹೋಗೋದಂತೂ ಖರೆ ಏನು?" ಎಂದು ಒಂದೆರಡು ಸಲ ಕೇಳಿದ್ದರು, ಮಳೆ ಬರುತ್ತದೇನು ಎಂದು ಕೇಳುವ ಹಾಗೆ.

ಪೂಜೆ ಮುಗಿಸಿ ಲಿಂಗವನ್ನು ಕೊರಳ ಕರಡಿಗೆಯೊಳಗೆ ಸೇರಿಸಿ ಏಳುವ ಹೊತ್ತಿಗೆ ಹೊರಗೆ ಕೋಲಿನ ಸದ್ದಾಯಿತು. ನಾಲ್ಕು ಮನೆ ಆಚೆಯ ಅಕ್ಕನಾಗಮ್ಮ. ಎಂಬತ್ತು ದಾಟಿದವರು, ಬೀದಿಯ ಎಲ್ಲ ಹೆಂಗಸರಿಗೂ ಅಕ್ಕ. ಈ ಮನೆಗೆ ಮದುವೆಯಾಗಿ ಬಂದ ಹೊಸದರಲ್ಲಿ ರಾಜೇಶ್ವರಮ್ಮನಿಗೆ ರೊಟ್ಟಿ ತಟ್ಟುವುದನ್ನು ಕಲಿಸಿದವರು, ಅವಳ ಸೊರಬದ ಮಾತಿಗೆ ಎಲ್ಲರೂ ನಗುವಾಗ ನಗದೆ ಇದ್ದವರು. ಈಗ ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ಬಾಗಿಲ ಚೌಕಟ್ಟನ್ನು ಸವರಿಕೊಂಡು ಒಳಗೆ ಬಂದವರು, ರಾಜೇಶ್ವರಮ್ಮ ಕೈ ಹಿಡಿಯುವ ಮೊದಲೇ, ಬಗ್ಗಿ ಅವಳ ಕಾಲು ಮುಟ್ಟಿದರು.

"ಅಕ್ಕಾ, ಏನಿದು. ನೀವು ಹಿರಿಯರು" ಎಂದು ಅವಳು ಹಿಂದಕ್ಕೆ ಸರಿದಳು.

"ಯಾತ್ರೆಗೆ ಹೊಂಟ ಕಾಲಿಗೆ ಹಿರಿದು ಕಿರಿದು ಇಲ್ಲ ತಾಯಿ. ಕೇದಾರಕ್ಕೆ ಹೋಗ್ತೀ ಅಂತ ನಿನ್ನೆ ಗೊಬ್ಬರದಂಗಡಿ ಗುರುಮಲ್ಲಪ್ಪನ ಹೆಂಡ್ತಿ ಹೇಳಿದ್ಲು. ನಮ್ಮ ಓಣ್ಯಾಗೆ ಯಾರ ಪುಣ್ಯಾನೋ ಅಂದ್ಕೊಂಡೆ." ಸೊಂಟದ ಸಂಚಿಯಿಂದ ಕೆಂಪು ಬಟ್ಟೆಯ ಸಣ್ಣ ಗಂಟು ತೆಗೆದು ಅವಳ ಕೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಬೆಳ್ಳಿ ಕಣ್ಣು ಅದಾವು. ಅವನ ಪಾದದಾಗೆ ಇಟ್ಟು, ಅಕ್ಕನಾಗಿ ಅಂತ ಒಬ್ಬಾಕಿ ಇದಾಳೆ ಅಂತ ಹೇಳು. ಆಪರೇಷನ್ ಆದ್ರೂ ಬರಂಗಿಲ್ಲ ಅಂದಾರೆ ಡಾಕ್ಟ್ರು. ಅವನಿಗೆ ಬಿಟ್ಟಿದ್ದು."

ಕೇದಾರ. ರಾಜೇಶ್ವರಮ್ಮ ಬಾಯಿ ತೆರೆದಳು. ಮುಚ್ಚಿದ ಅವಳ ಮುಷ್ಟಿಯ ಮೇಲೆ ಇನ್ನೂ ಆ ಮುದಿ ಕೈ ಇತ್ತು, ಬೆಚ್ಚಗೆ. ಅದೊಂದು ಕ್ಷಣದಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. "ಕೂತ್ಕೊಳ್ಳಿ ಅಕ್ಕ, ಚಹಾ ಕುಡೀರಿ" ಅಂದಳು. ತನ್ನ ದನಿ ತನಗೇ ಅಂಗಡಿಯವರ ದನಿಯಂತೆ ಕೇಳಿಸಿತು.

ಅವರು ಹೋದ ಮೇಲೆ ಗಂಟು ಬಿಚ್ಚಿ ನೋಡಿದಳು. ಉಗುರಿನಷ್ಟು ಅಗಲದ ತಗಡಿನಲ್ಲಿ ಕೊರೆದ ಎರಡು ಕಣ್ಣು, ರೆಪ್ಪೆಯಿಲ್ಲ, ಹುಬ್ಬಿಲ್ಲ. ದೇವರ ಗೂಡಿನಲ್ಲಿಟ್ಟಳು, ಅಡುಗೆಮನೆಗೆ ಹೋಗುವಾಗ ನೋಡಿದವು, ಬರುವಾಗ ನೋಡಿದವು. ಮೊದಲು ಬಂದದ್ದು ಗಾಬರಿ, ಆಮೇಲೆ ನಾಚಿಕೆ. ನಾಚಿಕೆ ಏಕೆಂದರೆ, ಒಂದು ಗಳಿಗೆ, ಹಾಗೇ ಇರಲಿ ಬಿಡು ಎಂದು ಅವಳಿಗೆ ಅನ್ನಿಸಿತ್ತು. ಕೇದಾರಕ್ಕೆಂದು ಹೇಳಿಕೊಂಡು ಚಂಬಾಕ್ಕೆ ಹೋಗಿಬಂದರೆ ಯಾರಿಗೆ ಗೊತ್ತಾಗುತ್ತದೆ? ಎಲ್ಲವೂ ಹಿಮಾಲಯವೇ. ಜಗಳವಿಲ್ಲ, ನಗೆಪಾಟಲಿಲ್ಲ, ಕಾಲಿಗೆ ಬೀಳುವವರು ಬೇರೆ. ಮುಂಬದಿ ಚೆಂದವಾಗಿ ಕಂಡರೆ ಸಾಕು, ಹಿಂದೆ ಎಷ್ಟು ಗಂಟಿದ್ದರೇನು. ಹೀಗೆ ಯೋಚಿಸಿದವಳು ತಾನೇ ಎಂದು ತಿಳಿದಾಗ, ಕೈಯಲ್ಲಿದ್ದ ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆಗೆ ಒರಗಿದಳು.

ಮಧ್ಯಾಹ್ನ ನಾಗರಾಜಪ್ಪ ಮಗ ಮಲ್ಲಿಕಾರ್ಜುನನೊಂದಿಗೆ ಊಟಕ್ಕೆ ಬಂದರು. ರೊಟ್ಟಿ ಬಡಿಸುತ್ತ, "ಕೇದಾರಕ್ಕೆ ಹೋಗ್ತಿರೋದು ಯಾರು?" ಎಂದು ಕೇಳಿದಳು.

ನಾಗರಾಜಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಗುರುಮಲ್ಲಪ್ಪ ಕೇಳಿದ, ಅಕ್ಕಾರು ಎಲ್ಲೋ ಹೊಂಟಾರಂತಲ್ಲ ಅಂತ. ಅಂಗಡಿ ತುಂಬ ಮಂದಿ. ಏನಂತ ಹೇಳ್ಲಿ? ನಮ್ಮನೆಯಾಕಿ ಕರ್ಚೀಫ್ ನೋಡಾಕೆ ಹಿಮಾಲಯಕ್ಕೆ ಹೊಂಟಾಳೆ ಅನ್ಲಾ?"

"ಹೌದು. ಹಾಗೇ ಅನ್ನಬೇಕಿತ್ತು."

"ನಿನಗೇನು, ಮನ್ಯಾಗೆ ಇರ್ತೀ. ನಾನು ಸುಗ್ಗಿ ಮುಗಿಯಾತನಕ ಕರ್ಚೀಫ್ ನಾಗರಾಜಪ್ಪ ಅಂತ ಕರೆಸ್ಕೊಬೇಕು."

ಮಲ್ಲಿಕಾರ್ಜುನ ನಕ್ಕ, ಆಮೇಲೆ ತಾಯಿಯ ಮುಖ ನೋಡಿ ನಗುವುದನ್ನು ನಿಲ್ಲಿಸಿದ. ಕೆಟ್ಟವನಲ್ಲ ಅವನು. ಸಮಸ್ಯೆ ಕಂಡರೆ ಕೂಡಲೇ ಬಗೆಹರಿಸಬೇಕು ಅವನಿಗೆ, ಕೆಟ್ಟ ಮೋಟಾರು ರಿಪೇರಿ ಮಾಡಿಸುವ ಹಾಗೆ. "ಅವ್ವಾ, ಅಪ್ಪಾಜಿ ಹೇಳಿದ್ದನ್ನ ಖರೆ ಮಾಡಿದ್ರೆ ಆತು. ಟೆಂಪೋ ಟ್ರಾವೆಲರ್ ಮಾಡ್ಸಾನ. ಕೇದಾರಕ್ಕೇ ಹೋಗಿ ಬರಾನ, ಎಲ್ಲಾರೂ. ದಾವಣಗೆರೆ ಚಿಕ್ಕವ್ವಾರನ್ನೂ ಕರ್ಕೊಳಾನ. ನಿನ್ನ ಆಸೆನೂ ತೀರ್ತತಿ."

"ಚಂಬಾ?"

"ಅದಕ್ಕೆ ಇನ್ನೊಂದು ಸಲ ಹೋದ್ರಾತು."

ಸೌಂದರ್ಯ ಅತ್ತೆಗೆಂದು ಇಟ್ಟ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು.

ಇನ್ನೊಂದು ಸಲ. ಆ ಎರಡು ಮಾತು ಈ ಮನೆಯ ಕಂಬಗಳಷ್ಟೇ ಹಳೆಯವು. ಬಿ.ಎ. ಮುಗಿಸಿ ಮೈಸೂರಿಗೆ ಎಂ.ಎ.ಗೆ ಹೋಗುತ್ತೇನೆಂದಾಗ ಮಾವನವರು ಇನ್ನೊಂದು ಸಲ ನೋಡೋಣಮ್ಮ ಅಂದಿದ್ದರು, ಎಷ್ಟು ಮೆಲುವಾಗಿ ಅಂದಿದ್ದರೆಂದರೆ ಅವಳೇ ಅವರನ್ನು ಸಮಾಧಾನ ಮಾಡಿದ್ದಳು. ಬಾದಾಮಿಗೆ ಹೊರಟ ದಿನ ಅತ್ತೆಗೆ ಜ್ವರ. ಧಾರವಾಡದ ಕಸೂತಿ ಪ್ರದರ್ಶನದ ಹೊತ್ತಿಗೆ ನಾದಿನಿಯ ಬಾಣಂತನ. ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ; ಎಲ್ಲರೂ ಪ್ರೀತಿಯಿಂದಲೇ ಇದ್ದರು, ಅದೇ ತೊಡಕು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಗಂಡನಾದರೂ ಅಷ್ಟೆ. ಹೆಣ್ಣು ನೋಡಲು ಜಡೆಗೆ ಬಂದಾಗ ಅವಳು ಕಸೂತಿ ಹಾಕಿದ ಮೇಜುಬಟ್ಟೆಯನ್ನು ಮುಂದಿಟ್ಟಿದ್ದರು. ಹುಡುಗನ ಸೋದರತ್ತೆ ತಪ್ಪು ಹುಡುಕಲೆಂದು ಅದನ್ನು ಮಗುಚಿದ್ದಳು. ಆಗ ಈ ಹುಡುಗ, ಕಿವಿಯವರೆಗೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದವನು, ಬಟ್ಟೆಯನ್ನು ಆಚೀಚೆ ತಿರುಗಿಸಿ, "ಇದ್ರಾಗೆ ಮುಂದಿನ ಕಡೆ ಯಾವುದು?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ್ದ. ಎಲ್ಲರೂ ನಕ್ಕಿದ್ದರು. ಬಾಗಿಲ ಹಿಂದೆ ನಿಂತ ಅವ್ವ ಮಾತ್ರ ನಕ್ಕಿರಲಿಲ್ಲ. ಮಗಳ ತೋಳು ಹಿಂಡಿ, "ಇವನನ್ನ ಒಪ್ಕೋ" ಅಂದಿದ್ದಳು. ಆ ಹುಡುಗ ಈಗ ಉಂಡು, ಕೈ ತೊಳೆದು, ಟವೆಲಿನಲ್ಲಿ ಬಾಯಿ ಒರೆಸುತ್ತ, "ಟಿಕೀಟು ಕ್ಯಾನ್ಸಲ್ ಮಾಡ್ಸಾಕೆ ಬಿಂದುಗೆ ಹೇಳು. ರೊಕ್ಕ ಹೋದ್ರೆ ಹೋಗ್ಲಿ" ಎಂದು ಹೇಳಿ ಚಪ್ಪಲಿ ಮೆಟ್ಟಿದ.

ಮಧ್ಯಾಹ್ನದ ನಿದ್ದೆ ಬರಲಿಲ್ಲ. ಕಾಲುಚೀಲ ಹಾಕಿಕೊಂಡು ಚಾಪೆಯ ಮೇಲೆ ಓಡಾಡಿದಳು. ಕೇದಾರಕ್ಕೆ ಹೋಗುವುದು ಕೆಟ್ಟದ್ದೇನಲ್ಲ, ಹೋದವರೆಲ್ಲ ಅತ್ತು ಬರುತ್ತಾರೆ. ಆದರೆ ಆ ಹೆಂಗಸರು, ಹೆಸರೂ ತಿಳಿಯದ ಬೆಟ್ಟದ ಹೆಂಗಸರು, ಯಾರೂ ನೋಡದ ಬದಿಯನ್ನೂ ಅಷ್ಟು ಶ್ರದ್ಧೆಯಿಂದ ತುಂಬಿದ್ದಾರಲ್ಲ. ಅದನ್ನು ನೋಡಬೇಕೆನ್ನುವ ಆಸೆಗೆ ಒಂದು ದೇವರ ಮುಸುಕು ಯಾಕೆ ಬೇಕು? ಗಂಡಸರು ಹೋರಿ ನೋಡಲು ಊರೂರು ತಿರುಗುತ್ತಾರೆ, ಜೋಳದ ರೇಟು ಕೇಳಲು ದಾವಣಗೆರೆಗೆ ಹೋಗುತ್ತಾರೆ. ಯಾರೂ ಅವರ ಕಾಲಿಗೆ ಬೀಳುವುದಿಲ್ಲ, ಯಾರೂ ನಗುವುದೂ ಇಲ್ಲ. ನಡೆಯುತ್ತ ನಡೆಯುತ್ತ ಅವಳಿಗೆ ಬೆವರು ಬಂತು. ಅಂಜಿಕೆಯೆಂದು ತಾನು ತಿಳಿದಿದ್ದು ಅಂಜಿಕೆಯಲ್ಲ, ಸಿಟ್ಟು ಎಂದು ತಿಳಿಯಿತು. ಅರವತ್ತೇಳನೆಯ ವಯಸ್ಸಿನಲ್ಲಿ ಬಂದ ಸಿಟ್ಟು ಎಷ್ಟು ಹಗುರವಾಗಿದೆ ಎಂದು ಸೋಜಿಗವೂ ಆಯಿತು. ಕಾಲುಚೀಲ ತೆಗೆದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಗೂಡಿನಿಂದ ಕೆಂಪು ಗಂಟನ್ನು ತೆಗೆದುಕೊಂಡಳು.

ಅಕ್ಕನಾಗಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು, ಬೆರಳಿನಿಂದಲೇ ಹುಳುಕು ಗುರುತಿಸುತ್ತ. ರಾಜೇಶ್ವರಮ್ಮ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದಳು: ಕೇದಾರವಲ್ಲ, ಚಂಬಾ, ದೇವರಲ್ಲ, ಬಟ್ಟೆ. ಗಂಟನ್ನು ಅವರ ಮಡಿಲ ಬಳಿ ಇಟ್ಟಳು.

ಅಕ್ಕನಾಗಮ್ಮ ಅದನ್ನು ಮುಟ್ಟಲಿಲ್ಲ. "ದೇವರ ಹೆಸರಲ್ಲಿ ಕೊಟ್ಟಿದ್ದು ವಾಪಸ್ ತಗೊಂಬಾರದು."

"ಗೊತ್ತು ಅಕ್ಕ. ಬೆಳಿಗ್ಗೇನೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನಿಮ್ಮ ಕೊರಳಲ್ಲೂ ಲಿಂಗ ಇದೆ. ನಾಳೆ ಪೂಜೆಗೆ ಕೂತಾಗ ನೀವೇ ಅದರ ಮುಂದೆ ಇಡಿ. ಕೇದಾರದಲ್ಲಿ ಇರೋನು ಬೇರೆ ಇವನು ಬೇರೆಯಾ?"

"ಮಾತು ಕಲ್ತೀಯ. ಕಾಲೇಜು ಓದಿದಾಕಿ." ಅವರ ಬೆರಳುಗಳು ಒಂದು ಕಾಯಿಯನ್ನು ಬಿಡಿಸದೆ ಹಿಸುಕಿದವು. "ನಿನಗೆ ಕಣ್ಣು ನೆಟ್ಟಗದಾವು. ಅದಕ್ಕೆ ಬಟ್ಟೆ ನೋಡಾಕೆ ಹೊಂಟೀ."

ಎದೆಯ ಮಧ್ಯಕ್ಕೇ ಬಂದು ಬಿದ್ದ ಮಾತು. ಬೇರೆ ದಿನವಾಗಿದ್ದರೆ ಅವಳು ಕಣ್ಣೀರು ಹಾಕಿ, ಇಲ್ಲ ಅಕ್ಕ, ಹೋಗುವುದಿಲ್ಲ ಎಂದು ಎದ್ದುಬಿಡುತ್ತಿದ್ದಳು. ಜಗುಲಿಯ ಅಂಚನ್ನು ಹಿಡಿದು ಕುಳಿತೇ ಇದ್ದಳು. "ಹೌದು ಅಕ್ಕ" ಅಂದಳು. "ನೆಟ್ಟಗಿರುವಾಗಲೇ ನೋಡಬೇಕು."

ಮುಂದಿದ್ದ ಅವರೆಕಾಯಿ ಒಂದೊಂದಾಗಿ ಸುಲಿದು ಮುಗಿದವು. ಅಕ್ಕನಾಗಮ್ಮ ಕೈ ಚಾಚಿ ಗಂಟನ್ನು ತಡವಿ ಸಂಚಿಗೆ ಹಾಕಿಕೊಂಡರು. ಒಳ್ಳೆಯದಾಗಲಿ ಎನ್ನಲಿಲ್ಲ. ಅವಳು ಎದ್ದು ಹೊರಟಾಗ, ಬೇರೆ ಕಡೆ ಮುಖ ಮಾಡಿಕೊಂಡೇ, "ಕೆಳಗಿನ ಮೆಟ್ಲು ಒಡೆದೈತೆ. ನೋಡ್ಕೊಂಡು ಇಳಿ" ಅಂದರು.

ಅಂಗಡಿಗೆ ಅವಳು ಹೋಗುವುದು ವರ್ಷಕ್ಕೊಮ್ಮೆ, ದೀಪಾವಳಿಯ ಪೂಜೆಗೆ. ಹಮಾಲಿಗಳು ಚೀಲ ಹೊತ್ತವರು ಹೊತ್ತ ಹಾಗೇ ದಾರಿ ಬಿಟ್ಟರು. ಒಳಗೆ ನಾಗರಾಜಪ್ಪ ಅಂಗೈಯಲ್ಲಿ ಕಾಳು ಹರವಿಕೊಂಡು ಹಸಿ ಎಷ್ಟಿದೆಯೆಂದು ನೋಡುತ್ತಿದ್ದರು. ಪಕ್ಕದಲ್ಲಿ ಎದುರಿನ ಗೊಬ್ಬರದ ಅಂಗಡಿಯ ಗುರುಮಲ್ಲಪ್ಪ, ಇನ್ನಿಬ್ಬರು ರೈತರು.

"ಬರ್ರಿ ಅಕ್ಕಾರೆ" ಎಂದು ಗುರುಮಲ್ಲಪ್ಪ ಕುರ್ಚಿ ಬಿಟ್ಟು ಎದ್ದರು. "ಕೇದಾರಕ್ಕೆ ಹೋಗಾರು ಬಂದ್ರಿ. ನಮ್ಮನೆಯಾಕೀನೂ ಒಂದು ಬಾಟ್ಲಿ ಗಂಗಾ ನೀರು ತರಾಕೆ ಹೇಳ್ಬೇಕು ಅನ್ನಾಕತ್ತಿದ್ಲು."

"ಅದನ್ನೇ ಹೇಳಕ್ಕೆ ಬಂದೆ. ನಾನು ಕೇದಾರಕ್ಕೆ ಹೋಗ್ತಿಲ್ಲ. ಚಂಬಾ ಅಂತ ಊರಿಗೆ ಹೋಗ್ತಿದೀನಿ. ಅಲ್ಲಿ ಹೆಂಗಸರು ಹಾಕಿರೋ ಕಸೂತಿ ನೋಡಕ್ಕೆ."

"ಕಸೂತಿ ನೋಡಾಕೆ" ಅಂದರು ಗುರುಮಲ್ಲಪ್ಪ, ನಾಗರಾಜಪ್ಪನ ಕಡೆ ನೋಡುತ್ತ. "ಅಷ್ಟು ದೂರ. ದೇವರ ದರ್ಶನ ಏನೂ ಇಲ್ಲಾ?"

"ದೇವರನ್ನ ದಿನಾ ಬೆಳಿಗ್ಗೆ ಅಂಗೈ ಮೇಲೆ ಇಟ್ಕೊಂಡು ನೋಡ್ತೀನಿ. ಅವನನ್ನ ನೋಡಕ್ಕೆ ಬಸ್ ಹತ್ತಬೇಕಾಗಿಲ್ಲ, ಅವನು ನನ್ನ ಜೊತೇಲೇ ಬರ್ತಾನೆ. ಆ ಬಟ್ಟೆ ಬರಲ್ಲ. ಅದಕ್ಕೇ ನಾನು ಹೋಗ್ಬೇಕು."

ಒಬ್ಬ ರೈತ ಕಿಸಕ್ಕೆಂದ. ಗುರುಮಲ್ಲಪ್ಪ, "ನ್ಯಾಯದ ಮಾತೇ ಬಿಡ್ರಿ. ನಾಗರಾಜಪ್ಪಾರೆ, ನಿಮ್ಮನೇಲಿ ಸಣ್ಣದೊಂದು ಮಠಾನೇ ಐತೆ ಹಂಗಾದ್ರೆ" ಎಂದು ನಕ್ಕರು. ನಾಗರಾಜಪ್ಪ ಅಂಗೈಯ ಕಾಳುಗಳನ್ನೇ ನೋಡುತ್ತಿದ್ದರು. ಅವರ ಕಿವಿಯ ತುದಿ ಕೆಂಪಾಗಿತ್ತು. ಆ ಕೆಂಪನ್ನು ಕಂಡು ಅವಳಿಗೆ ಮರುಕವಾಯಿತು. ಆದರೂ ಆಡಿದ ಮಾತನ್ನು ತುಸುವೂ ಸಡಿಲ ಮಾಡದೆ, ಚೀಲಗಳ ನಡುವೆ ಸೆರಗು ಎತ್ತಿಕೊಂಡು ಹೊರಗೆ ಬಂದಳು.  ಸೀರೆಗೆ ಹತ್ತಿದ ಜೋಳದ ಧೂಳನ್ನು ಮನೆಯ ಬಾಗಿಲಲ್ಲಿ ಕೊಡವಿದಳು.

ಅಂದಿನಿಂದ ನಾಗರಾಜಪ್ಪ ಅವಳೊಂದಿಗೆ ಮಾತಾಡಲಿಲ್ಲ. ನೀರು ಬೇಕಾದರೆ ಸೌಂದರ್ಯಳನ್ನು ಕೇಳಿದರು, ಅಂಗಿ ಬೇಕಾದರೆ ತಾವೇ ಬೀರು ತೆಗೆದರು. ಮಲ್ಲಿಕಾರ್ಜುನ ಒಮ್ಮೆ, "ಅಪ್ಪಾಜಿ ಮಾನ ಬೀದಿಗೆ ಹಾಕಿದೆಲ್ಲವ್ವ" ಅಂದ. "ಬೀದಿಗೆ ಹಾಕಿದ್ದು ಸುಳ್ಳನ್ನ" ಎಂದು ಅವಳು ಸ್ವೆಟರಿಗೆ ಗುಂಡಿ ಹೊಲಿಯುವುದನ್ನು ಮುಂದುವರಿಸಿದಳು. ರಾತ್ರಿ ಪಕ್ಕದ ಮಂಚದಲ್ಲಿ ಅವರು ಆ ಕಡೆ ತಿರುಗಿ ಮಲಗಿರುವಾಗ ಮಾತ್ರ, ತಾನು ಗೆದ್ದದ್ದೇನು, ಈ ಬೆನ್ನನ್ನೇ ಎಂದು ಅನ್ನಿಸುತ್ತಿತ್ತು. ಕ್ಷಮಿಸಿ ಎನ್ನುವ ಮಾತು ಗಂಟಲವರೆಗೆ ಬರುತ್ತಿತ್ತು. ಅಷ್ಟು ವರ್ಷ ಆ ಮಾತನ್ನು ಎಷ್ಟು ಸುಲಭವಾಗಿ ಕೊಟ್ಟಿದ್ದಳೋ ಈಗ ಅದನ್ನು ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡಳು. ಅವರು ನೊಂದದ್ದಕ್ಕೆ ಅವಳಿಗೆ ನೋವಿತ್ತು, ತಾನು ಹೋಗುತ್ತಿರುವುದಕ್ಕೆ ನೋವಿರಲಿಲ್ಲ. ಎರಡನ್ನೂ ಬೇರೆ ಬೇರೆ ದಾರದಲ್ಲಿ ಇಟ್ಟುಕೊಳ್ಳಬೇಕಿತ್ತು.

ಹೊರಡುವ ದಿನ ಅವಳು ಎದ್ದಾಗ ಅವರ ಹಾಸಿಗೆ ಆಗಲೇ ಖಾಲಿ. ಅಂಗಡಿಗೆ ಹೋದರೆಂದು ಸೌಂದರ್ಯ ಹೇಳಿದಳು, ನೆಲ ನೋಡುತ್ತ. ಅವರಿಗೆಂದು ತೆಗೆದಿಟ್ಟ ಬೆಳಗಿನ ಉಪ್ಪಿಟ್ಟು ಮುಚ್ಚಿದ ಹಾಗೇ ಇತ್ತು. ಯಾರು ಕಳಿಸಿಕೊಟ್ಟರೂ ಕೊಡದಿದ್ದರೂ ಬಸ್ಸು ಬರುತ್ತದೆ ಎಂದು ತನಗೇ ಹೇಳಿಕೊಂಡು ಸೊಸೆಯ ಸ್ಕೂಟರಿನ ಹಿಂದೆ ಕುಳಿತಳು. ಆನವಟ್ಟಿಯಿಂದ ಬಂದ ಬಸ್ಸಿನಲ್ಲಿ ಬಿಂದುಶ್ರೀ ಕಿಟಕಿಯ ಸೀಟಿಗೆ ಟವೆಲು ಹಾಸಿ ಕಾದಿದ್ದಳು. "ಅತ್ತೆ, ಶೂಸ್ ಹಾಕ್ಕೊಂಡೇ ಬಂದ್ರಾ?" ಎಂದು ನಕ್ಕು ಕೈ ಹಿಡಿದು ಹತ್ತಿಸಿದಳು. ಸೌಂದರ್ಯ ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, ಅತ್ತೆಯ ಶಾಲನ್ನು ಕಿವಿಯವರೆಗೆ ಎಳೆದು ಸರಿಮಾಡಿ, ಹೊರಡಲಾರದವಳಂತೆ ಕೆಳಗೆ ನಿಂತಳು.

ಕಂಡಕ್ಟರ್ ಸೀಟಿ ಊದುವ ಮೊದಲು ಜನರ ನಡುವೆ ಒಂದು ಬಿಳಿ ಅಂಗಿ ಕಾಣಿಸಿತು, ಭುಜದ ತುಂಬ ಜೋಳದ ಧೂಳು. ನಾಗರಾಜಪ್ಪ ಏದುಸಿರು ಬಿಡುತ್ತ ಬಸ್ಸಿನ ಪಕ್ಕಕ್ಕೆ ಬಂದು ಒಂದೊಂದೇ ಕಿಟಕಿ ನೋಡುತ್ತ ಬಂದರು. ಮುಂದಿನ ಸೀಟಿನಲ್ಲಿದ್ದ ಗಂಗಾಧರಪ್ಪ, ಅವರ ಹಳೆಯ ಗಿರಾಕಿ, ತಲೆ ಹೊರಗೆ ಹಾಕಿ, "ಏನ್ ಸಾವ್ಕಾರ್ರೆ, ಅಮ್ಮಾರು ಕೇದಾರಕ್ಕೆ ಹೊಂಟ್ರಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದರು.

ರಾಜೇಶ್ವರಮ್ಮ ಎದುರಿನ ಸೀಟಿನ ಕಂಬಿ ಹಿಡಿದಳು.

"ಇಲ್ಲಪ್ಪ" ಅಂದರು ನಾಗರಾಜಪ್ಪ. ಗಂಗಾಧರಪ್ಪನ ಕಡೆ ತಲೆ ಎತ್ತಿ ಮುಂದುವರಿಸಿದರು. "ಚಂಬಾ ಅಂತ ಊರೈತೆ. ಅಲ್ಲಿ ಕಸೂತಿ ನೋಡಾಕೆ ಹೊಂಟಾಳೆ."

"ಅದಕ್ಕೇ ಅಷ್ಟು ದೂರ?"

"ಅದಕ್ಕೇ."

ಅವಳ ಕಿಟಕಿಯ ಕೆಳಗೆ ಬಂದು ನಿಂತರು. ಹೊರಗಿನ ಊಟ ಎದೆ ಉರಿಸುತ್ತದೆಂದು ಜನ್ಮದಲ್ಲಿ ಖಾನಾವಳಿಯ ಮೆಟ್ಟಿಲು ಹತ್ತದ ಮನುಷ್ಯ. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯವರು ಒಲೆ ಹಚ್ಚುವ ತನಕ ಕಾದು ಕುಳಿತಿದ್ದಿರಬೇಕು. ಕೈಯಲ್ಲಿ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ, ಎಣ್ಣೆಗಾಯಿಯ ಎಣ್ಣೆ ಒಂದು ಮೂಲೆಯಲ್ಲಿ ಇಳಿದು ಅವರ ಅಂಗಿಯ ತೋಳಿಗೆ ತಾಗಿತ್ತು. ಅವಳ ಮುಖ ನೋಡಿದರು.  ಬಸ್ಸು ಅಲುಗುವ ಮೊದಲು ತುದಿಗಾಲ ಮೇಲೆ ನಿಂತು, ಬಿಸಿ ರೊಟ್ಟಿಯ ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯೊಳಗೆ ಚಾಚಿದರು.